ಕೀಳುವುದೇ ಚಿಕಿತ್ಸೆಯಾದಾಗ

ಊಟದ ನಡುವೆ ಪದೇ ಪದೇ ಸಿಹಿ ತಿಂದರೆ ಹಲ್ಲು ಹುಳುಕಾಗುತ್ತದೆ ಎಂಬುದನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಈ ತಿಳಿವಳಿಕೆಗೆ ಗಟ್ಟಿ ಆಧಾರ ಸಿಕ್ಕಿದ್ದು ಸ್ವೀಡನ್ನಿನ ಲುಂಡ್ ನಗರದಲ್ಲಿ, ಬೌದ್ಧಿಕ ಅಂಗವೈಕಲ್ಯವುಳ್ಳವರನ್ನು ಇರಿಸಿದ್ದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ. 1945ರಲ್ಲಿ ಶುರುವಾದ ಪ್ರಯೋಗದಲ್ಲಿ ಅಲ್ಲಿನ ನಾನೂರಕ್ಕೂ ಹೆಚ್ಚು ನಿವಾಸಿಗಳನ್ನು ಗುಂಪುಗಳಾಗಿ ವಿಂಗಡಿಸಿದರು. ಕೆಲವರಿಗೆ ಊಟದ ಜೊತೆ ಸಕ್ಕರೆ ಕೊಟ್ಟರೆ, ಇನ್ನು ಕೆಲವರಿಗೆ ಊಟದ ನಡುವಿನ ಹೊತ್ತಿನಲ್ಲಿ ಹಲ್ಲಿಗೆ ಅಂಟಿಕೊಳ್ಳುವ ಟಾಫಿ ಕೊಟ್ಟರು. ಒಂದು ಗುಂಪಿನ ಪಾಲು ದಿನಕ್ಕೆ 24 ಟಾಫಿ. ಅನೇಕರ ಹಲ್ಲುಗಳು ಹಾಳಾದವು. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. 1954ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ದಂತವೈದ್ಯರು ಕೊಡುವ ಸಲಹೆಯನ್ನು ರೂಪಿಸಿತು, ಕೋಟ್ಯಂತರ ಜನರ ಹಲ್ಲು ಉಳಿಯಲು ನೆರವಾಯಿತು. ಆದರೆ ಯಾರ ಬಾಯಿಂದ ಆ ಜ್ಞಾನ ಬಂತೋ ಅಂಥವರಿಗೇ ಸಾಮಾನ್ಯ ದಂತ ಚಿಕಿತ್ಸೆ ಸಿಗುವಂತೆ ಮಾಡುವ ಯತ್ನ ಗಂಭೀರವಾಗಿ ಆರಂಭವಾಗಲು ಇನ್ನೂ ಕೆಲವು ದಶಕಗಳೇ ಬೇಕಾದವು.

ಈ ವಿಳಂಬಕ್ಕೆ ದಂತವೈದ್ಯ ವೃತ್ತಿಯವರು ಬಹುಕಾಲ ಕೊಟ್ಟ ಕಾರಣ ಒಂದೇ: ಇವರು ಸಹಕರಿಸುವುದಿಲ್ಲ. ಬಾಯಿ ತೆರೆಯುವುದಿಲ್ಲ, ಯಂತ್ರದ ಸದ್ದಿಗೆ ಬೆದರುತ್ತಾರೆ, ಮನೆಯಲ್ಲೂ ಹಲ್ಲುಜ್ಜಿಸಿಕೊಳ್ಳುವುದಿಲ್ಲ; ಆದ್ದರಿಂದ ರೋಗ ಹೆಚ್ಚು ಎಂಬ ವಿವರಣೆ. ಇದು ನಿಜವೇ ಎಂದು ನೋಡಲು ಬಾಯೊಳಗಿನ ಲೆಕ್ಕವನ್ನೇ ನೋಡಬೇಕು. ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಾಗಿ ಪರಿಶೀಲಿಸಿ 2010ರಲ್ಲಿ ಆಂಡರ್ಸ್ ಮತ್ತು ಡೇವಿಸ್ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಬೌದ್ಧಿಕ ಅಂಗವೈಕಲ್ಯವುಳ್ಳವರಲ್ಲಿ ಬಾಯಿಯ ಸ್ವಚ್ಛತೆ ಕಡಿಮೆ, ವಸಡಿನ ಕಾಯಿಲೆ ಹೆಚ್ಚು. ಹುಳುಕಿನ ಪ್ರಮಾಣ ಮಾತ್ರ ಉಳಿದವರಷ್ಟೇ, ಕೆಲವೆಡೆ ಅದಕ್ಕಿಂತಲೂ ಕಡಿಮೆ. ಹೆಚ್ಚಾಗಿದ್ದದ್ದು ಚಿಕಿತ್ಸೆ ಕಾಣದೆ ಉಳಿದ ಹುಳುಕು. ಐರ್ಲೆಂಡಿನಲ್ಲಿ ವಯಸ್ಸಾದವರ ಮೇಲೆ ನಡೆದ ದೀರ್ಘಾವಧಿ ಅಧ್ಯಯನ ಇದರ ಮುಂದಿನ ಘಟ್ಟವನ್ನು ತೋರಿಸುತ್ತದೆ: ಬೌದ್ಧಿಕ ಅಂಗವೈಕಲ್ಯವುಳ್ಳ ಹಿರಿಯರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ, ಅವರಲ್ಲಿ ಹೆಚ್ಚಿನವರಿಗೆ ಹಲ್ಲಿನ ಸೆಟ್ಟೂ ಇರಲಿಲ್ಲ. ಹುಳುಕು ಸಮನಾಗಿದ್ದೂ ಫಲ ಬೇರೆಯಾಗಿದೆ ಎಂದರೆ, ವ್ಯತ್ಯಾಸ ಹುಟ್ಟುತ್ತಿರುವುದು ಹುಳುಕು ಕಂಡ ಮೇಲೆ ವೈದ್ಯರು ಏನು ಮಾಡುತ್ತಾರೆ ಎಂಬಲ್ಲಿ. ಬೇರೆಯವರಿಗೆ ಫಿಲ್ಲಿಂಗ್ ಅಥವಾ ರೂಟ್ ಕೆನಾಲ್ ಆಗುವ ಹಲ್ಲು ಇವರಿಗೆ ಕೀಳುವ ಹಲ್ಲಾಗುತ್ತದೆ. ಇಂಥವರ ದಂತ ಚಿಕಿತ್ಸೆಯ ಬೆಳವಣಿಗೆಯನ್ನು ಅಳೆಯಲು ನನಗೆ ತೋರುವ ಸರಿಯಾದ ಅಳತೆಗೋಲು ಇದೇ: ಉಳಿಸಬಹುದಾಗಿದ್ದ ಹಲ್ಲನ್ನು ಉಳಿಸಿದರೇ, ಇಲ್ಲವೇ?

ಆ ಅಳತೆಯಲ್ಲಿ ನೋಡಿದರೆ ಮೊದಲ ಹೆಜ್ಜೆಗಳು ಚಿಕ್ಕವು, ಆದರೆ ಬೆಲೆಯುಳ್ಳವು. ಮೊದಲು ಹೇಳು, ಆಮೇಲೆ ತೋರಿಸು, ಕೊನೆಗೆ ಮಾಡು ಎಂಬ ಕ್ರಮವನ್ನು ಮಕ್ಕಳ ದಂತವೈದ್ಯಕ್ಕಾಗಿ ಅಡೆಲ್‌ಸ್ಟನ್ ಮಂಡಿಸಿದ್ದು 1959ರಲ್ಲಿ. ಮುಂದೆ ಅಮೆರಿಕದ ಡೇವಿಡ್ ಟೆಸಿನಿ ಆಟಿಸಂ ಇರುವವರಿಗಾಗಿ ಅದನ್ನು ವಿಸ್ತರಿಸಿದರು: ಕುರ್ಚಿಯಲ್ಲಿ ಕೂರುವುದು, ಕಾಲು ನೀಡುವುದು, ಬಾಯಿ ತೆರೆಯುವುದು ಎಂದು ಕೆಲಸವನ್ನು ತುಣುಕು ಮಾಡಿ, ಪ್ರತಿ ಭೇಟಿಯಲ್ಲಿ ಸ್ವಲ್ಪ ಸ್ವಲ್ಪ ರೂಢಿ ಮಾಡಿಸುವುದು. ಇಲ್ಲಿ ಸಹಕಾರವೆಂಬುದು ಕಲಿಸಬಹುದಾದ ಸಂಗತಿಯಾಯಿತು. 1993ರಲ್ಲಿ ಬಾಸ್ಟನ್ನಿನ ದಂತವೈದ್ಯ ಸ್ಟೀವನ್ ಪರ್ಲ್‌ಮನ್ ಬೌದ್ಧಿಕ ಅಂಗವೈಕಲ್ಯವುಳ್ಳವರ ಕ್ರೀಡಾಕೂಟವಾದ ಸ್ಪೆಷಲ್ ಒಲಿಂಪಿಕ್ಸ್‌ನ ಕ್ರೀಡಾಪಟುಗಳಿಗಾಗಿ ‘ಸ್ಪೆಷಲ್ ಸ್ಮೈಲ್ಸ್’ ಆರಂಭಿಸಿದರು. ಕ್ರೀಡಾಕೂಟದಲ್ಲೇ ಹಲ್ಲು ತಪಾಸಣೆ ನಡೆಸಿದ ಈ ಕಾರ್ಯಕ್ರಮ ಎರಡು ಕೆಲಸ ಮಾಡಿತು. ಚಿಕಿತ್ಸೆ ಇಲ್ಲದೆ ಉಳಿದ ರೋಗ ಎಷ್ಟಿದೆ ಎಂಬುದನ್ನು ಎತ್ತಿ ತೋರಿಸಿತು. ಇಂಥ ರೋಗಿಯನ್ನು ಎಂದೂ ಮುಟ್ಟಿರದ ಸಾವಿರಾರು ದಂತವೈದ್ಯರಿಗೆ ಮೊದಲ ಪರಿಚಯ ಮಾಡಿಸಿತು. ಎರಡನೆಯದೇ ಹೆಚ್ಚು ಮುಖ್ಯವೆಂದು ನನ್ನ ಎಣಿಕೆ. 2004ರಲ್ಲಿ ಅಮೆರಿಕದ ಸಾಮಾನ್ಯ ದಂತವೈದ್ಯರ ನಡುವೆ ಕ್ಯಾಸಮಾಸಿಮೊ ಮತ್ತು ಸಂಗಡಿಗರು ಪ್ರಕಟಿಸಿದ ಸಮೀಕ್ಷೆಯಲ್ಲಿ, ವಿಶೇಷ ಆರೈಕೆ ಬೇಕಾದ ಮಕ್ಕಳನ್ನು ಆಗಾಗ ನೋಡುತ್ತೇವೆ ಎಂದವರು ಹತ್ತರಲ್ಲಿ ಒಬ್ಬರಷ್ಟೇ. ಕಾಲೇಜಿನಲ್ಲಿ ಇಂಥ ಮಕ್ಕಳಿಗೆ ತಾವೇ ಚಿಕಿತ್ಸೆ ನೀಡಿದ್ದವರು ಸುಮಾರು ನಾಲ್ಕರಲ್ಲಿ ಒಬ್ಬರು; ಮುಂದೆ ನೋಡಲು ಹೆಚ್ಚು ಮನಸ್ಸು ಮಾಡುವವರೂ ಅವರೇ.

ಆ ಬಳಿಕದ ಹಾದಿ ಎರಡಾಗಿ ಕವಲೊಡೆಯಿತು. ಬ್ರಿಟನ್ 2008ರಲ್ಲಿ ವಿಶೇಷ ಆರೈಕೆಯ ದಂತವೈದ್ಯವನ್ನು ಪ್ರತ್ಯೇಕ ತಜ್ಞ ಶಾಖೆಯಾಗಿ ಮಾನ್ಯ ಮಾಡಿತು. ಅಮೆರಿಕ ಸಾಮಾನ್ಯ ದಂತವೈದ್ಯರ ಕಲಿಕೆಯನ್ನೇ ತಿದ್ದಲು ಹೊರಟಿತು. ಪದವೀಧರರಿಗೆ ಇಂಥ ರೋಗಿಗಳ ಅಗತ್ಯವನ್ನು ಅಂದಾಜು ಮಾಡಲು ಬಂದರೆ ಸಾಕು ಎನ್ನುತ್ತಿದ್ದ 2004ರ ಶೈಕ್ಷಣಿಕ ಮಾನದಂಡ, 2019ರ ತಿದ್ದುಪಡಿಯಲ್ಲಿ ಚಿಕಿತ್ಸೆಯನ್ನು ನಿಭಾಯಿಸಲೂ ಬರಬೇಕು ಎಂದಿತು. ಅದಕ್ಕೂ ಮುಂಚೆ, 2018ರಲ್ಲಿ, ಅಲ್ಲಿನ ದಂತವೈದ್ಯ ಸಂಘ ಅಂಗವೈಕಲ್ಯದ ಕಾರಣಕ್ಕೆ ರೋಗಿಯನ್ನು ತಿರಸ್ಕರಿಸಬಾರದೆಂದು ತನ್ನ ನೀತಿಸಂಹಿತೆಯಲ್ಲಿ ಬರೆದುಕೊಂಡಿತು. ತಜ್ಞರು ಬೇಕು, ನಿಜ. ಆದರೆ ಪ್ರತ್ಯೇಕ ಶಾಖೆ ಹುಟ್ಟಿದೊಡನೆ ಉಳಿದವರಿಗೆಲ್ಲ ‘ತಜ್ಞರ ಬಳಿ ಹೋಗಿ’ ಎಂದು ಕೈ ತೊಳೆದುಕೊಳ್ಳುವುದು ಸುಲಭವಾಗುತ್ತದೆ. ಬೆರಳೆಣಿಕೆಯ ತಜ್ಞರ ಮುಂದೆ ಸರತಿ ಉದ್ದವಾದಷ್ಟೂ ಫಿಲ್ಲಿಂಗ್‌ನಲ್ಲಿ ಉಳಿಯಬಹುದಾಗಿದ್ದ ಹಲ್ಲು ಕೀಳುವ ಹಂತಕ್ಕೆ ಬಂದಿರುತ್ತದೆ.

ಪೂರ್ಣ ಅರಿವಳಿಕೆ ಕೊಟ್ಟು ಒಂದೇ ಸಲಕ್ಕೆ ಎಲ್ಲವನ್ನೂ ಮುಗಿಸುವುದೇ ರೋಗಿಗೂ ಮನೆಯವರಿಗೂ ಹಿತವಲ್ಲವೇ ಎಂದು ಕೇಳುವವರಿದ್ದಾರೆ. ಕೆಲವರಿಗೆ ಬೇರೆ ದಾರಿಯೇ ಇಲ್ಲ, ಅವರಿಗದು ನಿರಾಕರಣೆಯಾಗಬಾರದು. ಆದರೆ ಆಪರೇಷನ್ ಥಿಯೇಟರ್ ಮತ್ತೆ ಸಿಗುವುದು ವರ್ಷಗಳ ನಂತರವೇ ಎಂದು ಗೊತ್ತಿರುವ ವೈದ್ಯರು, ಸಂದೇಹವಿರುವ ಹಲ್ಲನ್ನು ಉಳಿಸುವ ಬದಲು ಕಿತ್ತೇ ಬಿಡುತ್ತಾರೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಹೃದಯದ ದೋಷ ಸಾಮಾನ್ಯವಾದ್ದರಿಂದ ಅರಿವಳಿಕೆಯ ಅಪಾಯವೂ ಹೆಚ್ಚು. ಅರಿವಳಿಕೆ ಬೇಡದ ದಾರಿಯೂ ಇದೆ: ಹುಳುಕಿನ ಮೇಲೆ ಹಚ್ಚಿದರೆ ಅದನ್ನು ತಡೆದು ನಿಲ್ಲಿಸಬಲ್ಲ ಸಿಲ್ವರ್ ಡೈಅಮೀನ್ ಫ್ಲೋರೈಡ್‌ಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತು. ಡ್ರಿಲ್ ಬೇಡ, ಸೂಜಿ ಬೇಡ. ಹುಳುಕಿನ ಜಾಗ ಕಪ್ಪಾಗುತ್ತದೆ, ಅಷ್ಟೇ. ಮನೆಯಲ್ಲಿ ಹಲ್ಲುಜ್ಜಿಸುವ ತರಬೇತಿಯ ವಿಷಯದಲ್ಲಿ ಮಾತ್ರ ಎಚ್ಚರದಿಂದ ಮಾತಾಡಬೇಕು. ವೈದ್ಯಕೀಯ ಪುರಾವೆಗಳನ್ನು ಒಟ್ಟಾಗಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2019ರ ವಿಮರ್ಶೆ ಈ ಕುರಿತ ಪುರಾವೆಯ ಗುಣಮಟ್ಟ ದುರ್ಬಲ ಎಂದೇ ಹೇಳಿತು. ಆರೈಕೆ ಮಾಡುವವರಿಗೆ ಒಮ್ಮೆ ಪಾಠ ಹೇಳಿ ಕಳುಹಿಸಿದರೆ ವಸಡು ಸುಧಾರಿಸುತ್ತದೆ ಎಂದು ನಂಬಲು ಆಧಾರ ಸಾಲದು. ಹಾಗಾಗಿಯೇ ಹೊಣೆಯನ್ನು ಪೂರ್ತಿ ತಾಯಂದಿರ ಮೇಲೆ ಹೊರಿಸುವುದು ಅನ್ಯಾಯ.

ನಮ್ಮಲ್ಲಿ ಕಾನೂನು ಹಿಂದೆ ಬಿದ್ದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 25ನೇ ಕಲಂ ಸಮೀಪದಲ್ಲೇ ಆರೋಗ್ಯ ಸೇವೆ, ತಡೆಯಿಲ್ಲದ ಪ್ರವೇಶ, ಚಿಕಿತ್ಸೆಯಲ್ಲಿ ಆದ್ಯತೆ ನೀಡಬೇಕೆನ್ನುತ್ತದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಇದೆ, ಹಲ್ಲಿನ ತೊಂದರೆಯೂ ಇದೆ. ಆದರೆ ಆ ಕಾರ್ಯಕ್ರಮ 18ಕ್ಕೆ ಮುಗಿಯುತ್ತದೆ. ದಂತವೈದ್ಯದ ಒಂಬತ್ತು ಸ್ನಾತಕೋತ್ತರ (ಎಂಡಿಎಸ್) ವಿಭಾಗಗಳಲ್ಲಿ ಈ ರೋಗಿಗಳಿಗೆ ಜಾಗವಿರುವುದು ಮುಖ್ಯವಾಗಿ ಮಕ್ಕಳ ದಂತವೈದ್ಯದಲ್ಲಿ. ಮೂವತ್ತು ದಾಟಿದವರನ್ನು ಯಾರು ನೋಡಬೇಕೆಂಬುದಕ್ಕೆ ಉತ್ತರವಿಲ್ಲ. 2011ರ ಜನಗಣತಿ ದೇಶದಲ್ಲಿ ಬೌದ್ಧಿಕ ಅಂಗವೈಕಲ್ಯವುಳ್ಳವರು ಒಟ್ಟು ಸುಮಾರು 15 ಲಕ್ಷ ಎಂದಿತ್ತು. ಎಲ್ಲರಿಗೂ ಸಿಗದ ದಂತ ಚಿಕಿತ್ಸೆಯನ್ನು ಕೆಲವರಿಗೆ ಒದಗಿಸುವ ಮಾತೇಕೆ ಎಂಬ ಆಕ್ಷೇಪ ಇಲ್ಲಿ ಸಹಜ. ಆದರೆ ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ದಂತ ಕಾಲೇಜುಗಳಿವೆ, ಕರ್ನಾಟಕದಲ್ಲೇ ನಲವತ್ತರ ಆಸುಪಾಸು. ಅವುಗಳಲ್ಲಿ ಕುರ್ಚಿಗಳಿವೆ, ಹೌಸ್‌ಸರ್ಜನ್‌ಗಳಿದ್ದಾರೆ, ಖಾಸಗಿ ಕ್ಲಿನಿಕ್ಕಿಗಿಲ್ಲದ ಪುರುಸೊತ್ತೂ ಇದೆ. ಹಲ್ಲಿಗೆ ಇಷ್ಟು ಎಂದು ಶುಲ್ಕ ಪಡೆಯುವ ಕ್ಲಿನಿಕ್ಕಿನಲ್ಲಿ ನಾಲ್ಕು ಭೇಟಿಗಳ ರೂಢಿ ಮಾಡಿಸುವಿಕೆಗೆ ಯಾರೂ ಹಣ ಕೊಡುವುದಿಲ್ಲ. ಕಾಲೇಜಿನಲ್ಲಿ ಅದೇ ನಾಲ್ಕು ಭೇಟಿ ವಿದ್ಯಾರ್ಥಿಯ ಪಾಠವಾಗುತ್ತದೆ. ಹೌಸ್‌ಸರ್ಜನ್ ಪೂರೈಸಬೇಕಾದ ಕೆಲಸಗಳ ಪಟ್ಟಿಯಲ್ಲಿ, ಇಷ್ಟು ಹಲ್ಲು ಕಿತ್ತೆ ಎಂಬ ಲೆಕ್ಕದ ಪಕ್ಕದಲ್ಲಿ, ಬೌದ್ಧಿಕ ಅಂಗವೈಕಲ್ಯವುಳ್ಳ ಇಷ್ಟು ವಯಸ್ಕರ ಹಲ್ಲು ಉಳಿಸಿದೆ ಎಂಬ ಲೆಕ್ಕವನ್ನೂ ಕಡ್ಡಾಯ ಮಾಡಲು ಹೊಸ ಕಾಯ್ದೆ ಬೇಕಿಲ್ಲ, ಹೊಸ ಕಟ್ಟಡವೂ ಬೇಕಿಲ್ಲ.