ನೀರು ದಾಟಿಸುವ ತಟ್ಟೆ ಯಾವುದು?

ಗುಂಡಗುರ್ತಿ, ಚಿತ್ತಾಪುರ, ಶಹಾಬಾದ್ ಕಡೆಯವರಿಗೆ ಫರಸಿ ಕಲ್ಲನ್ನು ಪರಿಚಯಿಸಬೇಕಿಲ್ಲ. ಪ್ರಾಚೀನ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಈ ಸುಣ್ಣದ ಕಲ್ಲು ಹಲಗೆಯಂತೆ ಸೀಳುತ್ತದೆ. ಕಾಗಿಣಾ ನದಿಯ ನೀರಿನ ಮೇಲೆ ಪುಟಿಸಲು ಇದರ ಚಪ್ಪಟೆ ಚೂರಿಗಿಂತ ಒಳ್ಳೆಯದು ಸಿಗದು. ತೆಳುವಾಗಿರಬೇಕು, ಬೆರಳಿಗೆ ಹಿಡಿತ ಸಿಗಬೇಕು, ಗಿರ್ರನೆ ತಿರುಗಬೇಕು. ಕಲ್ಲು ಸುಮಾರು 20 ಡಿಗ್ರಿ ಓರೆಯಲ್ಲಿ ನೀರಿಗೆ ತಾಗಿದರೆ ಚೆನ್ನಾಗಿ ಪುಟಿಯುತ್ತದೆಂದು ಫ್ರಾನ್ಸಿನ ವಿಜ್ಞಾನಿಗಳು 2004ರಲ್ಲಿ ತೋರಿಸಿದರು.

ತಟ್ಟೆ ಎಸೆಯುವ ಡಿಸ್ಕ್ ಗಾಲ್ಫ್ ಆಟದಲ್ಲೂ ಇಂಥದೇ ಆಯ್ಕೆ. ಆದರೆ ಕಲ್ಲು ಮುಳುಗಿದರೆ ಇನ್ನೊಂದು ಸಿಕ್ಕೀತು. ತಟ್ಟೆ ಮುಳುಗಿದರೆ ದುಡ್ಡೂ ಹೋಯಿತು, ಲೆಕ್ಕಕ್ಕೆ ಒಂದು ಎಸೆತದ ದಂಡವೂ ಸೇರಿತು.

ಅಮೆರಿಕದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಕಾಯಂ ಅಂಗಳ ರೂಪಿಸಿದಾಗ ಎಲ್ಲರ ಕೈಯಲ್ಲಿದ್ದುದು ಮಕ್ಕಳ ಫ್ರಿಸ್ಬಿ. ಅದರ ದಪ್ಪ ಅಂಚನ್ನು ಗಾಳಿ ತಡೆಯುತ್ತಿತ್ತು. 1983ರಲ್ಲಿ ಡೇವ್ ಡುನಿಪೇಸ್ ಅಂಚನ್ನು ಓರೆಯಾಗಿ ಚೂಪುಗೊಳಿಸಿದರು. ತಟ್ಟೆ ಬಹುದೂರ ಹಾರತೊಡಗಿತು. ಪೇಚಾಟವೂ ಅಲ್ಲಿಂದಲೇ ಶುರು. ಚೂಪು ಅಂಚಿನ ತಟ್ಟೆಗೆ ವೇಗ ಬೇಕು. ತೋಳಿನ ಬಲ ಸಾಲದಿದ್ದರೆ ಬಲಗೈ ಆಟಗಾರನ ತಟ್ಟೆ ಅರ್ಧದಲ್ಲೇ ಎಡಕ್ಕೆ ವಾಲಿ ಕೆರೆ ಸೇರುತ್ತದೆ. ಹೀಗಾಗಿ ನೀರಿನೆದುರು ನೇರ ಹೋಗುವ ಮಧ್ಯಮ ತಟ್ಟೆಯೇ ವಾಸಿ.

ಇನ್ನೋವಾ ಕಂಪನಿಯ ‘ಡ್ರ್ಯಾಗನ್’ನಂಥವು ಮುಳುಗದೆ ತೇಲುತ್ತವೆ, ಅವುಗಳ ಪ್ಲಾಸ್ಟಿಕ್ ನೀರಿಗಿಂತ ಹಗುರ. ಕೇಳಲು ಸುಲಭದ ಪರಿಹಾರ. ಆದರೆ ಎದುರುಗಾಳಿ ಬೀಸಿದರೆ ಹಗುರ ತಟ್ಟೆ ಎತ್ತಲೋ ಹಾರಿಹೋಗುತ್ತದೆ. ಅಂಥ ದಿನ ಆಟಗಾರ ಕೈಗೆತ್ತಿಕೊಳ್ಳುವುದು ಬಿದ್ದರೆ ಮುಳುಗುವ, ಭಾರದ ತಟ್ಟೆಯನ್ನೇ.