ಮಂಗಳೂರಿನ ಅಳಿವೆ

ಚರಿತ್ರೆಯೆಂದರೆ ಅರಸರ ಹೆಸರು, ಯುದ್ಧಗಳ ಇಸವಿ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುವ ನಾವು, ಊರನ್ನು ಬೆಳೆಸಿದ ನೀರನ್ನು ಮರೆಯುವುದುಂಟು. ಘಟ್ಟದಿಂದಿಳಿದು ಬರುವ ನೇತ್ರಾವತಿಯೂ ಫಲ್ಗುಣಿಯೆಂಬ ಗುರುಪುರ ಹೊಳೆಯೂ ಒಂದುಗೂಡಿ, ಉಳ್ಳಾಲ ಮತ್ತು ಬೆಂಗ್ರೆಯ ಮರಳ ದಿಣ್ಣೆಗಳ ನಡುವೆ ಕಡಲನ್ನು ಸೇರುವ ಎಡೆಯೇ ಮಂಗಳೂರಿನ ಅಳಿವೆ. ಹಳೆಯ ಬಂದರು ಇದರ ಒಳಗೆ, ಗುರುಪುರ ಹೊಳೆಯ ದಡದಲ್ಲಿದೆ.

ಈ ಬಾಗಿಲಿನಿಂದ ಲೋಕವೇ ಒಳಬಂದಿತು. ಟ್ಯುನೀಸಿಯದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರಿಂದ 1149ರವರೆಗೆ ಹೆಚ್ಚಿನ ಕಾಲವನ್ನು ಇಲ್ಲಿಯೇ ಕಳೆದನು. ಕಂಚಿನ ಪಾತ್ರೆಗಳನ್ನು ಮಾಡಿಸಿ ಏಡನ್ನಿಗೆ ಕಳುಹಿದನು. ಅವನ ಕಾಗದಗಳು ಕೈರೋ ನಗರದ ಹಳೆಯ ಯಹೂದಿ ಮಂದಿರದಲ್ಲಿ ದೊರೆತಿವೆ. ಅವನ ಪರವಾಗಿ ಏಡನ್ನಿನಲ್ಲಿ ವ್ಯವಹರಿಸಿದ ಆಳಿನ ಹೆಸರು ‘ಬೊಮ್ಮ’ ಎಂದು ಓದಲಾಗಿದೆ. ಅರಸರ ಶಾಸನ ಹೇಳದ ಒಬ್ಬ ಆಳಿನ ಹೆಸರನ್ನು ಕಡಲವ್ಯಾಪಾರದ ಕಾಗದ ಉಳಿಸಿತು! 1342ರ ಸುಮಾರಿಗೆ ಬಂದ ಇಬ್ನ್ ಬತೂತನು ಇಲ್ಲಿ ಪಾರಸಿ ದೇಶದ ಮತ್ತು ಯೆಮನ್ನಿನ ವರ್ತಕರನ್ನೂ, ಮೆಣಸು ಶುಂಠಿಗಳ ಸಮೃದ್ಧಿಯನ್ನೂ ಕಂಡನು. 1443ರಲ್ಲಿ ಅಬ್ದುರ್ ರಜಾಕನು ವಿಜಯನಗರಕ್ಕೆ ಹೋದುದೂ ಮಂಗಳೂರಿನ ಮಾರ್ಗವಾಗಿಯೇ.

ಸಂಪತ್ತಿನ ಬಾಗಿಲಿಗೆ ಕಾವಲು ಬೇಕಲ್ಲವೆ? ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಇದಕ್ಕಾಗಿ ಹೋರಾಡಿದರು. ಉಳ್ಳಾಲದ ಅಬ್ಬಕ್ಕರಾಣಿ ಅವರನ್ನು ಎದುರಿಸಿದಳು. ಹಗೆಯ ಹಡಗುಗಳು ಹೊಳೆಯೊಳಗೆ ನುಗ್ಗದಿರಲೆಂದು ಟಿಪ್ಪು ಸುಲ್ತಾನನು 1784ರಲ್ಲಿ ಬೋಳೂರಿನಲ್ಲಿ ಕರಿಯ ಕಲ್ಲಿನ ಬತ್ತೇರಿಯನ್ನು ಕಟ್ಟಿಸಿದನು. 1799ರಲ್ಲಿ ನಾಡು ಇಂಗ್ಲಿಷರ ಪಾಲಾಯಿತು.

ಆದರೆ ಈ ಎಲ್ಲ ಒಡೆಯರಿಗೂ ಮಿಗಿಲಾದ ಒಡೆತನ ಅಳಿವೆಯ ಮರಳಿನದು. ಹೊಳೆಗಳು ಹೊತ್ತುತಂದ ಮಣ್ಣುಮರಳು ಬಾಗಿಲಿನಲ್ಲಿಯೇ ನಿಂತು ನೀರಿನ ಆಳವನ್ನು ಕುಗ್ಗಿಸುತ್ತಿತ್ತು. ದೊಡ್ಡ ಹಡಗುಗಳು ದೂರ ಕಡಲಿನಲ್ಲಿಯೇ ಲಂಗರು ಹಾಕಬೇಕಾಗಿತ್ತು. ಸರಕನ್ನು ದೋಣಿಗಳಲ್ಲಿ ಸಾಗಿಸಬೇಕಾಗಿತ್ತು. ಮಳೆಗಾಲದಲ್ಲಿ ಈ ವ್ಯವಹಾರವೂ ನಿಲ್ಲುತ್ತಿತ್ತು. ಹೀಗಿದ್ದರೂ ಕೊಡಗಿನ ಕಾಫಿಯೂ, 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯ ಹಂಚುಗಳೂ ಇಲ್ಲಿಂದಲೇ ಹೊರನಾಡುಗಳಿಗೆ ಹೋದುವು. ಹೊಳೆಯ ಮಣ್ಣು ಬಂದರನ್ನು ಹೂಳಿತು, ನಿಜ. ಹೊಳೆಬಯಲಿನ ಜೇಡಿಯೇ ಹಂಚಾಗಿ ಬಂದರಿಗೆ ಹೆಸರು ತಂದುಕೊಟ್ಟಿತು.

ಕೊನೆಗೆ ಹಡಗುಗಳು ಅಳಿವೆಯನ್ನು ಬಿಟ್ಟು ಬೇರೆ ನೆಲೆ ಹುಡುಕಿದುವು. ಬಡಗಣ ಪಣಂಬೂರಿನಲ್ಲಿ ನೆಲವನ್ನಗೆದು ನಿರ್ಮಿಸಿದ ಸರ್ವಋತು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಹಳೆಯ ಬಂದರಿನಲ್ಲಿ ಮೀನುದೋಣಿಗಳೂ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಹಡಗುಗಳೂ ಉಳಿದಿವೆ.

ಕಾಸರಗೋಡಿನ ಕನ್ನಡಿಗರಾದ ನಮಗೆ ಇದು ನೆರೆಯೂರಿನ ಕಥೆಯಲ್ಲ. 1956ರ ನವೆಂಬರ್ 1ರವರೆಗೆ ಮಂಗಳೂರೇ ನಮ್ಮ ಜಿಲ್ಲೆಯ ಮುಖ್ಯ ಪಟ್ಟಣವಾಗಿದ್ದಿತು. ಅಂದು ಎಳೆದ ಗೆರೆ ನಮ್ಮ ಕಚೇರಿಗಳನ್ನು ಬದಲಿಸಿತು; ಹಿಂದಿನ ಬಾಳನ್ನು ಬದಲಿಸಲಾರದು. ಆದುದರಿಂದ ಉಪಾಧ್ಯಾಯ ಮಿತ್ರರು ಒಮ್ಮೆ ಮಕ್ಕಳನ್ನು ಸುಲ್ತಾನ್ ಬತ್ತೇರಿಯ ಕಡವಿಗೆ ಕರೆದೊಯ್ದು ಹೊಳೆಯನ್ನು ತೋರಿಸಲಿ. ಬೊಮ್ಮನ ಹೆಸರನ್ನೂ ಹೇಳಲಿ. ಪುಸ್ತಕದ ಪಾಠ ಮರೆತರೂ ಆ ನೀರಿನ ನೋಟ ಮಕ್ಕಳಿಗೆ ಮರೆಯದು.