ದಾಖಲಾತಿ ಪುಸ್ತಕದಿಂದ ಓದುವ ಪುಸ್ತಕಕ್ಕೆ

ಬಡವರ ಮನೆಯ ಮಗು ವಿದ್ಯಾವಂತನಾಗಬೇಕಾದರೆ ಎರಡು ಹೊಸ್ತಿಲುಗಳನ್ನು ದಾಟಬೇಕು. ಮೊದಲನೆಯದು ಶಾಲೆಯ ಹೊಸ್ತಿಲು. ಎರಡನೆಯದು ಅಕ್ಷರದ ಹೊಸ್ತಿಲು. ನಮ್ಮ ನಾಡಿನ ಸರ್ಕಾರಿ ಶಾಲೆಗಳ ನೂರು ವರ್ಷಗಳ ಚರಿತ್ರೆಯನ್ನು ಅವಲೋಕಿಸಿದರೆ, ಮೊದಲನೆಯದನ್ನು ದಾಟಿಸಲು ಪಟ್ಟ ಶ್ರಮದಷ್ಟು ಶ್ರಮವನ್ನು ಎರಡನೆಯದಕ್ಕೆ ಪಟ್ಟಿಲ್ಲವೆಂಬುದು ವೇದ್ಯವಾಗುತ್ತದೆ.

ದಾವಣಗೆರೆ, ಹರಿಹರಗಳು ಆಗ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಸಂಸ್ಥಾನವು ಪ್ರಾಥಮಿಕ ಶಿಕ್ಷಣದ ಕಾಯಿದೆಯೊಂದನ್ನು ಜಾರಿಗೆ ತಂದು, ಆಯ್ದ ಸ್ಥಳಗಳಲ್ಲಿ ಶಿಕ್ಷಣವನ್ನು ಕಡ್ಡಾಯಗೊಳಿಸಲು ದಾರಿ ಮಾಡಿಕೊಟ್ಟಿತು. ಆದರೆ ಕಡ್ಡಾಯವೆಂಬ ಮಾತು ಹಸಿದ ಹೊಟ್ಟೆಗೆ ಕೇಳಿಸದು. ದನ ಕಾಯುವ ಹುಡುಗ, ತಮ್ಮನನ್ನು ಎತ್ತಿಕೊಂಡು ತಿರುಗುವ ಹುಡುಗಿ, ಗುಳೆ ಹೋಗುವ ಸಂಸಾರದ ಕೂಸು – ಇವರ ಹೆಸರು ದಾಖಲಾತಿ ಪುಸ್ತಕದಲ್ಲಿ ಉಳಿಯುತ್ತಿತ್ತು, ಮಗು ಮಾತ್ರ ತರಗತಿಯಲ್ಲಿ ಉಳಿಯುತ್ತಿರಲಿಲ್ಲ.

ಹಸಿವಿಗೆ ಉತ್ತರ ದೊರೆಯಲು ಬಹುಕಾಲ ಹಿಡಿಯಿತು. ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ನೀಡಬೇಕೆಂದು 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ‘ಅಕ್ಷರ ದಾಸೋಹ’ವು 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದಿತು. ದೂರಕ್ಕೆ ಉತ್ತರವಾಗಿ 2006ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳು ಬಂದವು. 2010ರ ಏಪ್ರಿಲ್ 1ರಿಂದ ಶಿಕ್ಷಣವು 6ರಿಂದ 14 ವರ್ಷದ ಮಕ್ಕಳ ಹಕ್ಕಾಗಿ ಜಾರಿಗೆ ಬಂದಿತು. 2013ರಲ್ಲಿ ‘ಕ್ಷೀರಭಾಗ್ಯ’ದ ಹಾಲೂ ಸೇರಿತು. ಇವುಗಳನ್ನು ಬಿಟ್ಟಿ ಭಾಗ್ಯಗಳೆಂದು ಹಂಗಿಸುವವರು, ಪ್ರತಿಯೊಂದೂ ಒಂದೊಂದು ನಿಜವಾದ ಅಡ್ಡಿಯನ್ನು ತೆಗೆದುದೆಂಬುದನ್ನು ಮರೆಯಬಾರದು.

ಫಲವೇನಾಯಿತು? ಗ್ರಾಮೀಣ ಭಾರತದ 2024ರ ಅಸರ್ ಸಮೀಕ್ಷೆಯಂತೆ 6ರಿಂದ 14 ವರ್ಷದ ಮಕ್ಕಳಲ್ಲಿ ಶೇಕಡಾ 98ರಷ್ಟು ಮಂದಿ ಶಾಲೆಗೆ ದಾಖಲಾಗಿದ್ದಾರೆ. ಆದರೆ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಶೇಕಡಾ 27 ಮಾತ್ರ! ಈ ಎರಡು ಅಂಕಿಗಳ ನಡುವಣ ಕಂದಕವೇ ನಮ್ಮ ಕಾಲದ ಪ್ರಶ್ನೆ.

ಈ ಕಂದಕಕ್ಕೆ ಸೇತುವೆ ಕಟ್ಟಿದವರೂ ಉಂಟು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ರಿಷಿವ್ಯಾಲಿಯ ಶಾಲೆಗಳ ಮಾದರಿಯಿಂದ ಸ್ಫೂರ್ತಿ ಪಡೆದು, ಯುನಿಸೆಫ್ ನೆರವಿನಿಂದ ಸರ್ಕಾರಿ ಶಿಕ್ಷಕರೇ ರೂಪಿಸಿದ ‘ನಲಿ-ಕಲಿ’ ಅಂತಹ ಪ್ರಯತ್ನ. ಹದಿನೈದು ದಿನ ಗೈರುಹಾಜರಾದ ಮಗು ಹಿಂದಿರುಗಿದಾಗ, ತಾನು ಬಿಟ್ಟ ಮೆಟ್ಟಿಲಿನಿಂದಲೇ ಕಲಿಕೆ ಮುಂದುವರಿಸುವ ವ್ಯವಸ್ಥೆ ಅದರಲ್ಲಿತ್ತು. ಗುಳೆ ಹೋಗುವವರ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆಯಿಲ್ಲ. ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಐದಕ್ಷರಗಳಿಂದ ಆರಂಭಿಸುವ ಕ್ರಮದ ಜಾಣ್ಮೆಯನ್ನೂ ನೋಡಿರಿ: ಐದನ್ನು ಕಲಿತೊಡನೆ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದತೊಡಗುತ್ತದೆ. ಅರ್ಥವುಳ್ಳ ಪದವನ್ನು ತಾನೇ ಓದಿದ ಹಿಗ್ಗು ಮುಂದಿನ ಅಕ್ಷರಕ್ಕೆ ಕೈಹಿಡಿದು ಕರೆದೊಯ್ಯುತ್ತದೆ.

ಆದರೆ ಕಲಿತ ಅಕ್ಷರಕ್ಕೆ ಸಾಧನೆ ಬೇಕು. ಕೆ.ಬಿ. ಬಡಾವಣೆಯ ಎಷ್ಟೋ ಮನೆಗಳಿಗೆ ಬೆಳಗಾದರೆ ದಿನಪತ್ರಿಕೆ ಬಂದು ಬೀಳುತ್ತದೆ. ಇದೇ ಊರಿನ ಮಂಡಕ್ಕಿ ಭಟ್ಟಿಯ ಕೂಲಿಯವನ ಮನೆಯಲ್ಲಿ ಪಠ್ಯಪುಸ್ತಕವನ್ನುಳಿದು ಮತ್ತೊಂದು ಹೊತ್ತಗೆ ಇರುವುದು ಅಪರೂಪ. ಆ ಮಗುವಿಗೆ ಪುಸ್ತಕ ಸಿಗಬೇಕಾದುದು ಶಾಲೆಯಲ್ಲಿ, ಇಲ್ಲವೇ ಸಾರ್ವಜನಿಕ ಗ್ರಂಥಾಲಯದಲ್ಲಿ. ಕರ್ನಾಟಕದ ಗ್ರಂಥಾಲಯ ಕಾಯಿದೆ 1965ರದು. ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ ‘ಓದುವ ಬೆಳಕು’ ಕಾರ್ಯಕ್ರಮ ಬಂದುದು 2020ರ ಮಕ್ಕಳ ದಿನಾಚರಣೆಯಂದು. ಅದು ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಿಗೆ ಸಂಬಂಧಿಸಿದ್ದು. ನಗರದ ಕೊಳೆಗೇರಿಯ ಮಗುವಿಗೂ ಇಂತಹ ಬಾಗಿಲೊಂದು ನಡಿಗೆಯ ದೂರದಲ್ಲಿ ತೆರೆದಿರಬೇಡವೆ?

ಹರಿದೀತೆಂಬ ಭಯದಿಂದ ಶಾಲೆಯ ಬೀರುವಿಗೆ ಬೀಗ ಜಡಿಯುವ ಪರಿಪಾಠ ನಮ್ಮಲ್ಲಿ ಹಳೆಯದು. ಮಕ್ಕಳ ಕೈಯಲ್ಲಿ ಹರಿದ ಪುಸ್ತಕ ತನ್ನ ಋಣ ತೀರಿಸಿಕೊಂಡಿರುತ್ತದೆ. ಬೀರುವಿನಲ್ಲಿ ಗೆದ್ದಲು ಹಿಡಿದದ್ದು ಯಾರ ಋಣವನ್ನೂ ತೀರಿಸದು. ದಿನಕ್ಕೊಂದು ಗಂಟೆ ಆ ಬೀರು ತೆರೆದಿರಲಿ. ತಡವರಿಸಿ ಓದುವ ಮಗುವಿನ ಪಕ್ಕದಲ್ಲಿ ಕುಳಿತು ಕೇಳಲು ನಮ್ಮಂತಹ ನಿವೃತ್ತರಿಗೆ ಬಿಡುವೂ ಇದೆ, ಕಿವಿಯೂ ಇದೆ.